‘ಸ್ಟ್ಯಾಗ್‌ಫ್ಲೇಶನ್’: ಒಂದು ಶಬ್ದದ ವಂಶಾವಳಿಯೂ ವರ್ತಕನ ಲೆಕ್ಕಪುಸ್ತಕವೂ

ಕಚ್ಚಾ ತೈಲದ ಬೆಲೆ ಏರಿದಾಗಲೆಲ್ಲ ವಾಣಿಜ್ಯ ಪತ್ರಿಕೆಗಳಲ್ಲಿ ‘ಸ್ಟ್ಯಾಗ್‌ಫ್ಲೇಶನ್’ ಎಂಬ ಶಬ್ದ ಮರಳಿ ಕಾಣಿಸಿಕೊಳ್ಳುತ್ತದೆ. ರಷ್ಯಾ-ಉಕ್ರೇನ್ ಯುದ್ಧ ಆರಂಭವಾದ 2022ರಲ್ಲಂತೂ ಅದು ಹೆಚ್ಚು ಕಡಿಮೆ ದಿನನಿತ್ಯದ ಶಬ್ದವೇ ಆಗಿಬಿಟ್ಟಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಪತ್ರಿಕೆ ಓದುವ ವರ್ತಕನು, ಇದು ರಿಸರ್ವ್ ಬ್ಯಾಂಕಿಗೂ ಅರ್ಥಶಾಸ್ತ್ರಜ್ಞರಿಗೂ ಸಂಬಂಧಿಸಿದ ಮಾತೆಂದು ಪುಟ ಮಗುಚುವುದು ಸಹಜ. ಆದರೆ ಈ ಶಬ್ದವು ಹುಟ್ಟಿದ ಬಗೆಯನ್ನೂ ಅದರ ಹಿರಿಯರನ್ನೂ ಸ್ವಲ್ಪ ವಿಚಾರಿಸಿ ನೋಡಿದರೆ, ಅದು ವಿದ್ವಾಂಸರ ಕೊಠಡಿಯಲ್ಲಿ ಜನಿಸಿದ್ದಲ್ಲ ಎಂಬುದೂ, ಅದು ಹೇಳುವ ವಿಷಯವು ಸಾಮಾನ್ಯ ಅಂಗಡಿಯ ಖತಾವಣಿಯಲ್ಲಿಯೇ ಅಡಗಿ ಕುಳಿತಿರಬಹುದು ಎಂಬುದೂ ತಿಳಿದುಬರುತ್ತದೆ.

ಶಬ್ದದ ಅರ್ಥ ಸರಳವಾದುದು. ಬೆಲೆಗಳು ಏರುತ್ತಿವೆ, ಆದರೆ ಉತ್ಪಾದನೆ, ಮಾರಾಟ, ಉದ್ಯೋಗಗಳು ಏರುತ್ತಿಲ್ಲ. ಇದ್ದಲ್ಲಿಯೇ ನಿಂತಿವೆ, ಇಲ್ಲವೆ ಕುಸಿಯುತ್ತಿವೆ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಇನ್‌ಫ್ಲೇಶನ್’ ಎಂದೂ ಎರಡನೆಯದಕ್ಕೆ ‘ಸ್ಟ್ಯಾಗ್ನೇಶನ್’ ಎಂದೂ ಹೆಸರು. ಎರಡನೆಯದರ ತಲೆಯನ್ನೂ ಮೊದಲನೆಯದರ ಬಾಲವನ್ನೂ ಕತ್ತರಿಸಿ ಜೋಡಿಸಿದರೆ ‘ಸ್ಟ್ಯಾಗ್‌ಫ್ಲೇಶನ್’ ಸಿದ್ಧವಾಗುತ್ತದೆ.

ಹೀಗೆ ಕತ್ತರಿಸಿ ಅಂಟಿಸಿದ ಶಬ್ದಗಳಿಗೆ ಇಂಗ್ಲಿಷಿನಲ್ಲಿ ‘ಪೋರ್ಟ್‌ಮ್ಯಾಂಟೋ’ ಎಂಬ ಹೆಸರಿದೆ. ಈ ಹೆಸರನ್ನು ಕೊಟ್ಟವರು ಲೂಯಿಸ್ ಕ್ಯಾರಲ್. ಆಕ್ಸ್‌ಫರ್ಡಿನಲ್ಲಿ ಗಣಿತ ಬೋಧಿಸುತ್ತಿದ್ದ ಅವರು 1871ರ ಕೊನೆಯಲ್ಲಿ ಪ್ರಕಟವಾದ ‘ಥ್ರೂ ದ ಲುಕಿಂಗ್ ಗ್ಲಾಸ್’ ಎಂಬ ಮಕ್ಕಳ ಕಥೆಯಲ್ಲಿ, ಹಂಪ್ಟಿ ಡಂಪ್ಟಿ ಎಂಬ ಪಾತ್ರದ ಬಾಯಿಯಿಂದ ಈ ವಿವರಣೆಯನ್ನು ಹೇಳಿಸಿದರು. ಪೋರ್ಟ್‌ಮ್ಯಾಂಟೋ ಎಂದರೆ ಮಧ್ಯದಲ್ಲಿ ತೆರೆದುಕೊಂಡು ಎರಡು ಪಾಲಾಗುವ ಚರ್ಮದ ಪ್ರಯಾಣದ ಪೆಟ್ಟಿಗೆ. ಎರಡು ಅರ್ಥಗಳನ್ನು ಒಂದೇ ಪೆಟ್ಟಿಗೆಯಲ್ಲಿ ಮಡಚಿ ತುಂಬಿದ ಶಬ್ದಕ್ಕೆ ಅದೇ ತಕ್ಕ ಹೆಸರು. ತಮಾಷೆಯೆಂದರೆ ಆ ಪೆಟ್ಟಿಗೆಯ ಹೆಸರೇ ಫ್ರೆಂಚಿನ ಎರಡು ಶಬ್ದಗಳ ಕೂಡಿಕೆ: ‘ಪೋರ್ಟೆ’ ಎಂದರೆ ಹೊರುವುದು, ‘ಮಾಂತೋ’ ಎಂದರೆ ನಿಲುವಂಗಿ. ‘ಬ್ರೇಕ್‌ಫಾಸ್ಟ್’ ಮತ್ತು ‘ಲಂಚ್’ ಸೇರಿ ‘ಬ್ರಂಚ್’ ಆದದ್ದು, ‘ಸ್ಮೋಕ್’ ಮತ್ತು ‘ಫಾಗ್’ ಸೇರಿ ‘ಸ್ಮಾಗ್’ ಆದದ್ದು, ‘ಮೋಟರ್’ ಮತ್ತು ‘ಹೋಟೆಲ್’ ಸೇರಿ ‘ಮೋಟೆಲ್’ ಆದದ್ದು ಇದೇ ರೀತಿಯಲ್ಲಿ.

ಕನ್ನಡದ ಜಾಯಮಾನ ಇದಕ್ಕಿಂತ ಬೇರೆ. ಇಲ್ಲಿ ಎರಡು ಶಬ್ದಗಳು ಕೂಡುವಾಗ ಸಂಧಿಸ್ಥಾನದಲ್ಲಿ ಒಂದು ಅಕ್ಷರ ಲೋಪವಾಗಬಹುದು, ಆಗಮವಾಗಬಹುದು, ಇಲ್ಲವೆ ಒಂದರ ಬದಲು ಇನ್ನೊಂದು ಆದೇಶವಾಗಿ ಬರಬಹುದು. ಆದರೆ ಎರಡು ಶಬ್ದಗಳ ಮೈ ಉಳಿದಿರುತ್ತದೆ. ‘ಹಣದ’ ಎಂಬುದರ ಮುಂದೆ ‘ಉಬ್ಬರ’ ಬಂದಾಗ ಒಂದು ಅಕಾರ ಮಾತ್ರ ಲೋಪವಾಗಿ ‘ಹಣದುಬ್ಬರ’ ಆಗುತ್ತದೆ. ಶಾಲೆಯ ಹುಡುಗನೂ ಅದನ್ನು ಬಿಡಿಸಿ ಎರಡು ಭಾಗಗಳನ್ನು ತೋರಿಸಬಲ್ಲ. ಇಂಗ್ಲಿಷಿನ ಈ ಕಸಿಗಾರಿಕೆಯಲ್ಲಿ ಹಾಗಲ್ಲ. ಶಬ್ದವನ್ನು ಸಂದು ನೋಡದೆಯೇ ಕಡಿಯಲಾಗುತ್ತದೆ, ಉಳಿದ ತುಂಡು ಅರ್ಥವನ್ನು ಮೂಲದಿಂದಲ್ಲ, ಜನರ ನೆನಪಿನಿಂದ ಪಡೆಯುತ್ತದೆ. ‘ಫ್ಲೇಶನ್’ ಎಂಬ ತುಂಡಿಗೆ ಇಂದು ‘ಬೆಲೆಯೇರಿಕೆ’ ಎಂಬ ಅರ್ಥ ಬಂದಿರುವುದು ಹೀಗೆ. ಮೂಲದಲ್ಲಿ ಅದಕ್ಕೂ ಬೆಲೆಗೂ ಯಾವ ಸಂಬಂಧವೂ ಇರಲಿಲ್ಲ.

ಆ ಮೂಲ ಲ್ಯಾಟಿನ್ ಭಾಷೆಯದು. ‘ಫ್ಲಾರೆ’ ಎಂದರೆ ಊದುವುದು, ‘ಇನ್‌ಫ್ಲಾರೆ’ ಎಂದರೆ ಒಳಕ್ಕೆ ಊದುವುದು. ಇಂಗ್ಲಿಷಿಗೆ ಬಂದ ‘ಇನ್‌ಫ್ಲೇಶನ್’ ಶಬ್ದವು ಮೊದಲು ವೈದ್ಯರ ಮಾತಾಗಿತ್ತು. ವಾಯು ತುಂಬಿ ಹೊಟ್ಟೆ ಉಬ್ಬುವುದಕ್ಕೆ ಆ ಹೆಸರು. ಅಹಂಕಾರದಿಂದ ಉಬ್ಬಿದವನಿಗೂ ಅದೇ ಶಬ್ದ ಸಲ್ಲುತ್ತಿತ್ತು. ಹಣಕಾಸಿನ ಅರ್ಥವನ್ನು ಅದಕ್ಕೆ ಕೊಟ್ಟವರು ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ನರು. ಅಲ್ಲಿನ ಬ್ಯಾಂಕುಗಳು ಕೈಯಲ್ಲಿದ್ದ ಚಿನ್ನ-ಬೆಳ್ಳಿಯನ್ನು ಮೀರಿ ಕಾಗದದ ನೋಟುಗಳನ್ನು ಹೊರಡಿಸುತ್ತಿದ್ದ ಕಾಲ ಅದು. ನೋಟುಗಳ ಪ್ರಮಾಣ ಊದಿಕೊಂಡಿದೆ ಎಂಬ ಅರ್ಥದಲ್ಲಿ ಅವರು ಈ ಶಬ್ದವನ್ನು ಬಳಸಿದರು. ಆಗ ಊದಿಕೊಳ್ಳುತ್ತಿದ್ದುದು ಹಣ, ಬೆಲೆಯಲ್ಲ. ಬೆಲೆ ಏರುವುದು ಅದರ ಪರಿಣಾಮ. ಕಾಲಕ್ರಮದಲ್ಲಿ ಕಾರಣದ ಹೆಸರು ಪರಿಣಾಮಕ್ಕೆ ಅಂಟಿಕೊಂಡು, ಇಂದು ‘ಇನ್‌ಫ್ಲೇಶನ್’ ಎಂದರೆ ಬೆಲೆಯೇರಿಕೆ ಎಂದೇ ಎಲ್ಲರೂ ತಿಳಿಯುತ್ತಾರೆ. ಕನ್ನಡದ ‘ಹಣದುಬ್ಬರ’ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾದುದು. ಉಬ್ಬಿದ್ದು ಏನು ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಮೇಲಾಗಿ ‘ಉಬ್ಬರ’ ಎಂಬುದು ಸಮುದ್ರತೀರದ ಶಬ್ದ. ಅದರ ಜೊತೆಗೆ ‘ಇಳಿತ’ವೂ ಬರಬೇಕು. ಬೆಲೆಗಳ ವಿಷಯದಲ್ಲಿ ಆ ಇಳಿತ ಬಂದದ್ದು ಎಷ್ಟು ಬಾರಿ ಎಂಬುದು ವರ್ತಕರಿಗೆ ತಿಳಿದದ್ದೇ.

ಇನ್ನೊಂದು ಕಡೆಯ ಹಿರಿಯ ‘ಸ್ಟ್ಯಾಗ್ನಮ್’. ಲ್ಯಾಟಿನ್ನಿನಲ್ಲಿ ಹಾಗೆಂದರೆ ನಿಂತ ನೀರು, ಹೊಂಡ. ಹರಿಯದ ನೀರು ಕೊಳೆಯುತ್ತದೆ ಎಂಬ ಭಾವನೆ ಕನ್ನಡದ ‘ನಿಂತ ನೀರು’ ಎಂಬ ಮಾತಿನಲ್ಲಿಯೂ ಇದೆಯಷ್ಟೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಲ್ವಿನ್ ಹ್ಯಾನ್ಸೆನ್ 1938ರಲ್ಲಿ ಅಲ್ಲಿನ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಭಾಷಣ ಮಾಡುತ್ತ, ಮಹಾ ಕುಸಿತದ ಅನಂತರವೂ ಚೇತರಿಸಿಕೊಳ್ಳದ ತಮ್ಮ ದೇಶದ ದೀರ್ಘಕಾಲದ ಜಡತ್ವವನ್ನು ಈ ಶಬ್ದದಿಂದಲೇ ವರ್ಣಿಸಿದರು. ಅಲ್ಲಿಂದ ಮುಂದೆ ಅದು ಅರ್ಥಶಾಸ್ತ್ರದ ಪಾರಿಭಾಷಿಕ ಪದವಾಯಿತು. ಷೇರು ಪೇಟೆಯ ಪರಿಚಯವಿರುವವರಿಗೆ ಇಲ್ಲಿ ಒಂದು ಸಂಶಯ ಬರಬಹುದು. ಹೊಸ ಷೇರುಗಳಿಗೆ ಅರ್ಜಿ ಹಾಕಿ, ಹಂಚಿಕೆಯಾದ ಕೂಡಲೇ ಮಾರಿ ಲಾಭ ಮಾಡಿಕೊಳ್ಳುವವನನ್ನೂ ಗೂಳಿ-ಕರಡಿಗಳ ಸಾಲಿನಲ್ಲಿ ‘ಸ್ಟ್ಯಾಗ್’ ಎಂದು ಕರೆಯುತ್ತಾರೆ. ಅದು ಗಂಡು ಜಿಂಕೆ. ಈ ಹೊಂಡಕ್ಕೂ ಆ ಜಿಂಕೆಗೂ ನೆಂಟಸ್ತಿಕೆ ಇಲ್ಲ.

ಊದುವುದನ್ನೂ ನಿಂತ ನೀರನ್ನೂ ಒಂದು ಮಾಡಿದವರು ಇಯಾನ್ ಮೆಕ್‌ಲೌಡ್ ಎಂಬ ಬ್ರಿಟಿಷ್ ರಾಜಕಾರಣಿ. 1965ರ ನವೆಂಬರ್ 17ರಂದು, ಲೇಬರ್ ಪಕ್ಷದ ಸರ್ಕಾರವಿದ್ದಾಗ, ವಿರೋಧ ಪಕ್ಷದ ಹಣಕಾಸು ವಕ್ತಾರರಾಗಿ ಕಾಮನ್ಸ್ ಸಭೆಯಲ್ಲಿ ಮಾತನಾಡುತ್ತ ಅವರು ಈ ಶಬ್ದವನ್ನು ಬಳಸಿದರು. ದೇಶಕ್ಕೆ ಒಂದು ಕಡೆ ಬೆಲೆಯೇರಿಕೆ, ಇನ್ನೊಂದು ಕಡೆ ಸ್ಥಗಿತತೆ ಎಂಬ ಆಯ್ಕೆಯಿಲ್ಲ, ಎರಡೂ ಒಟ್ಟಿಗೇ ಬಂದಿವೆ ಎಂಬುದು ಅವರ ಆಕ್ಷೇಪಣೆಯ ಸಾರ. ಅಂದರೆ ಇದು ಸಂಶೋಧನೆಯಿಂದ ಹೊರಟ ಶಬ್ದವಲ್ಲ, ಸರ್ಕಾರವನ್ನು ಕುಟುಕಲು ಸಿದ್ಧಪಡಿಸಿದ ಶಬ್ದ. ಅಂದು ಬ್ರಿಟನ್ನಿನ ಬೆಲೆಯೇರಿಕೆ ಶೇಕಡಾ 5ರ ಆಸುಪಾಸಿನಲ್ಲಿತ್ತಷ್ಟೆ. ಮುಂದೆ ಬಂದದ್ದಕ್ಕೆ ಹೋಲಿಸಿದರೆ ಅದು ಅತ್ಯಲ್ಪ.

ಮೆಕ್‌ಲೌಡ್ ಅವರ ಜೀವನವೇ ಸ್ವಾರಸ್ಯಕರವಾದುದು. ಅವರು ಇಸ್ಪೀಟಿನ ಬ್ರಿಡ್ಜ್ ಆಟದಲ್ಲಿ ದೇಶದ ಅಗ್ರಗಣ್ಯರಲ್ಲಿ ಒಬ್ಬರು; ಆ ಆಟದ ಬಗ್ಗೆ 1952ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದರು. ಕೇಂಬ್ರಿಜ್‌ನಿಂದ ಹೊರಬಂದ ಮೇಲೆ ಬ್ರಿಡ್ಜ್ ಮೇಜಿನ ಪರಿಚಯದಿಂದಲೇ ‘ಡಿ ಲಾ ರೂ’ ಕಂಪನಿಯಲ್ಲಿ ಉದ್ಯೋಗ ಸಿಕ್ಕಿತು. ಆ ಕಂಪನಿಯ ಕಸುಬು ಇಸ್ಪೀಟಿನ ಎಲೆಗಳನ್ನೂ ಬ್ಯಾಂಕ್ ನೋಟುಗಳನ್ನೂ ಮುದ್ರಿಸುವುದು. ನೋಟು ಮುದ್ರಿಸುವ ಕಂಪನಿಯಲ್ಲಿ ಸ್ವಲ್ಪ ಕಾಲವಾದರೂ ಇದ್ದವರು ಹಣದುಬ್ಬರಕ್ಕೆ ಹೊಸ ಶಬ್ದ ಕೊಟ್ಟರೆಂಬುದು ಕೇವಲ ಆಕಸ್ಮಿಕವಿರಬಹುದು, ಆದರೂ ಮರೆಯಲಾಗದ ಆಕಸ್ಮಿಕ. ಮುಂದೆ ಅವರು ಆರೋಗ್ಯ ಮಂತ್ರಿಯಾದರು, ವಸಾಹತುಗಳ ಮಂತ್ರಿಯಾದರು, ‘ಸ್ಪೆಕ್ಟೇಟರ್’ ವಾರಪತ್ರಿಕೆಯ ಸಂಪಾದಕರೂ ಆದರು. ಪ್ರಜೆಗಳನ್ನು ಮಗುವಿನಂತೆ ನೋಡಿಕೊಳ್ಳುವ ಸರ್ಕಾರವನ್ನು ಹಂಗಿಸುವ ‘ನ್ಯಾನಿ ಸ್ಟೇಟ್’ ಎಂಬ ಮಾತು ಚಲಾವಣೆಗೆ ಬಂದದ್ದೂ ಅವರ ಲೇಖನಿಯಿಂದಲೇ, ಅದೇ 1965ರಲ್ಲಿ. 1970ರ ಜೂನ್‌ನಲ್ಲಿ ಅವರ ಪಕ್ಷ ಗೆದ್ದು ಅವರೇ ಹಣಕಾಸು ಮಂತ್ರಿಯಾದರು. ಜುಲೈ 7ರಂದು ಸಭೆಯಲ್ಲಿ ಅದೇ ಶಬ್ದವನ್ನು ಮತ್ತೆ ಬಳಸಿದರು. ಈ ಬಾರಿ ಆ ಹೊರೆ ಅವರ ಹೆಗಲ ಮೇಲೆಯೇ ಇತ್ತು. ಜುಲೈ 20ರಂದು ಹೃದಯಾಘಾತದಿಂದ ತೀರಿಕೊಂಡರು. ಅಧಿಕಾರದಲ್ಲಿದ್ದದ್ದು ಒಂದೇ ತಿಂಗಳು. ಶಬ್ದ ಮಾತ್ರ ಉಳಿಯಿತು.

ಅದು ಉಳಿದದ್ದಕ್ಕೆ ಕಾರಣವಿದೆ. ಅಂದಿನ ಪಂಡಿತರಲ್ಲಿ ಹೆಚ್ಚಿನವರು ಈ ಎರಡು ಅನಿಷ್ಟಗಳು ಒಟ್ಟಿಗೆ ಹೆಚ್ಚು ಕಾಲ ನಿಲ್ಲಲಾರವು ಎಂದು ನಂಬಿದ್ದರು. ನ್ಯೂಜಿಲೆಂಡ್ ಮೂಲದ ಎ.ಡಬ್ಲ್ಯೂ. ಫಿಲಿಪ್ಸ್ ಎಂಬವರು ಬ್ರಿಟನ್ನಿನ ಸುಮಾರು ಒಂದು ಶತಮಾನದ ಅಂಕಿಅಂಶಗಳನ್ನು ಪರಿಶೀಲಿಸಿ, ನಿರುದ್ಯೋಗ ಕಡಿಮೆಯಿದ್ದಾಗ ಕೂಲಿ ಬೇಗನೆ ಏರುತ್ತದೆ, ನಿರುದ್ಯೋಗ ಹೆಚ್ಚಿದ್ದಾಗ ನಿಧಾನವಾಗುತ್ತದೆ ಎಂಬುದನ್ನು 1958ರಲ್ಲಿ ತೋರಿಸಿದ್ದರು. ಇದೇ ಫಿಲಿಪ್ಸ್ ಕೊಳವೆಗಳಲ್ಲಿಯೂ ತೊಟ್ಟಿಗಳಲ್ಲಿಯೂ ಬಣ್ಣದ ನೀರು ಹರಿಯಿಸಿ ಇಡೀ ದೇಶದ ಆರ್ಥಿಕತೆಯನ್ನು ತೋರಿಸುವ ಯಂತ್ರವೊಂದನ್ನು 1949ರಲ್ಲಿ ತಯಾರಿಸಿದ್ದವರು. ಅವರ ವಕ್ರರೇಖೆಯನ್ನು ಸರ್ಕಾರಗಳು ಬೆಲೆಪಟ್ಟಿಯಂತೆ ಓದತೊಡಗಿದವು: ಸ್ವಲ್ಪ ಬೆಲೆಯೇರಿಕೆ ಸಹಿಸಿಕೊಂಡರೆ ಸ್ವಲ್ಪ ಉದ್ಯೋಗ ಕೊಳ್ಳಬಹುದು. ಈ ವ್ಯಾಪಾರ ಬಹುಕಾಲ ನಡೆಯದೆಂದು ಮಿಲ್ಟನ್ ಫ್ರೀಡ್‌ಮನ್ ಮತ್ತು ಎಡ್ಮಂಡ್ ಫೆಲ್ಪ್ಸ್ 1960ರ ದಶಕದ ಕೊನೆಯಲ್ಲಿಯೇ ಎಚ್ಚರಿಸಿದ್ದರು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ವಿಧಿಸಿದವು. ಬ್ಯಾರಲ್ಲಿಗೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಆರಂಭಕ್ಕೆ 12 ಡಾಲರಿನ ಹತ್ತಿರಕ್ಕೆ ಹೋಯಿತು. 1975ರಲ್ಲಿ ಬ್ರಿಟನ್ನಿನ ಬೆಲೆಯೇರಿಕೆ ಶೇಕಡಾ 24ನ್ನು ದಾಟಿತು, ಅದೇ ವರ್ಷ ಅಮೆರಿಕದ ನಿರುದ್ಯೋಗ ಶೇಕಡಾ 9ನ್ನು ಮುಟ್ಟಿತು. ವಿರೋಧ ಪಕ್ಷದ ಕುಟುಕು ಮಾತು ಪಠ್ಯಪುಸ್ತಕದ ಅಧ್ಯಾಯವಾಯಿತು.

ಭಾರತಕ್ಕೂ ಅದು ತಟ್ಟದೆ ಇರಲಿಲ್ಲ. 1972-73ರ ಬರಗಾಲದ ಬೆನ್ನಿಗೇ ತೈಲದ ಹೊಡೆತ ಬಿದ್ದು 1974-75ರಲ್ಲಿ ಸಗಟು ಬೆಲೆಗಳು ಸರಾಸರಿ ಶೇಕಡಾ 25ರಷ್ಟು ಏರಿದವು. ರಾಷ್ಟ್ರೀಯ ಉತ್ಪನ್ನದ ಬೆಳವಣಿಗೆ ಶೇಕಡಾ 1ರ ಆಸುಪಾಸಿಗೆ ಇಳಿಯಿತು. ಬ್ಯಾಂಕ್ ದರವನ್ನು ಶೇಕಡಾ 9ಕ್ಕೆ ಏರಿಸಲಾಯಿತು, ಆದಾಯ ತೆರಿಗೆ ಕೊಡುವವರ ಮೇಲೆ ಕಡ್ಡಾಯ ಠೇವಣಿ ಯೋಜನೆ ಬಂತು. 1975-76ರಲ್ಲಿ ಸಗಟು ಬೆಲೆಗಳು ಅಲ್ಪ ಪ್ರಮಾಣದಲ್ಲಿ ಇಳಿದವು. ಉಬ್ಬರಕ್ಕೆ ಇಳಿತವೂ ಬಂದ ಅಪರೂಪದ ವರ್ಷ ಅದು.

ಶಬ್ದದ ಚರಿತ್ರೆಯಲ್ಲಿ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಘಟ್ಟ ಬರುವುದು ಇಲ್ಲಿಯೇ. 1974ರಲ್ಲಿ ಬ್ರಿಟನ್ನಿನ ಎಷ್ಟೋ ಕಂಪನಿಗಳು ಒಳ್ಳೆಯ ಲಾಭ ತೋರಿಸುತ್ತಿದ್ದವು, ಆದರೆ ಕೈಯಲ್ಲಿ ಹಣವಿರಲಿಲ್ಲ. ಪುಸ್ತಕದಲ್ಲಿದ್ದ ಲಾಭವೆಲ್ಲ ಗೋದಾಮಿನಲ್ಲಿ ಸೇರಿಕೊಂಡಿತ್ತು. ಹಳೆಯ ಬೆಲೆಯ ಮಾಲನ್ನು ಹೊಸ ಬೆಲೆಗೆ ಮಾರಿದರೆ ಲೆಕ್ಕದಲ್ಲಿ ಲಾಭ ಬರುತ್ತದೆ. ಆದರೆ ಅಷ್ಟೇ ಮಾಲನ್ನು ಮತ್ತೆ ತುಂಬಿಸಲು ಆ ಲಾಭವೇ ಖರ್ಚಾಗುತ್ತದೆ. ತೆರಿಗೆಯವರು ಮಾತ್ರ ಪುಸ್ತಕದ ಲಾಭದ ಮೇಲೆ ತೆರಿಗೆ ಕೇಳುತ್ತಾರೆ. ಇದನ್ನು ಒಪ್ಪಿಕೊಂಡ ಹಣಕಾಸು ಮಂತ್ರಿ ಡೆನಿಸ್ ಹೀಲಿ, 1974ರ ನವೆಂಬರ್ ಮುಂಗಡಪತ್ರದಲ್ಲಿ ದಾಸ್ತಾನಿನ ಮೌಲ್ಯ ಏರಿದ್ದಕ್ಕೆ ತೆರಿಗೆ ವಿನಾಯಿತಿ ಕೊಟ್ಟರು. ಬೆಲೆಯೇರಿಕೆಯ ಕಾಲದಲ್ಲಿ ಲೆಕ್ಕ ಇಡುವುದು ಹೇಗೆ ಎಂದು ಪರಿಶೀಲಿಸಿದ ಸ್ಯಾಂಡಿಲ್ಯಾಂಡ್ಸ್ ಸಮಿತಿ 1975ರಲ್ಲಿ ವರದಿ ಕೊಟ್ಟು, ಹಳೆಯ ಖರೀದಿ ದರದ ಬದಲು ಪ್ರಚಲಿತ ವೆಚ್ಚದ ಆಧಾರದ ಮೇಲೆ ಲಾಭ ಅಳೆಯಬೇಕೆಂದು ಹೇಳಿತು. ಭಾರತದಲ್ಲಿ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯೂ 1982ರಲ್ಲಿ ಇದೇ ವಿಷಯದ ಮೇಲೆ ಮಾರ್ಗದರ್ಶಿ ಟಿಪ್ಪಣಿ ಹೊರತಂದಿತು. ಕಡ್ಡಾಯವಲ್ಲದ ಕಾರಣ ಅದು ಹೆಚ್ಚಿನ ಕಡೆ ಕಪಾಟಿನಲ್ಲಿಯೇ ಉಳಿಯಿತು ಎನ್ನುವುದು ಅಪಚಾರವಾಗಲಾರದು.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಂಡರೆ ವಿಷಯ ಸ್ಪಷ್ಟವಾದೀತು. ವಿದ್ಯುತ್ ತಂತಿಯ ವರ್ತಕನೊಬ್ಬ ಕಳೆದ ವರ್ಷ 10,000 ಕಾಯಿಲ್‌ಗಳನ್ನು ತಲಾ 1,000 ರೂಪಾಯಿಗೆ ಕೊಂಡು 1,100ಕ್ಕೆ ಮಾರಿದ. ವಹಿವಾಟು 1.10 ಕೋಟಿ, ಸ್ಥೂಲ ಲಾಭ 10 ಲಕ್ಷ, ಬಾಡಿಗೆ-ಸಂಬಳ ಇತ್ಯಾದಿ 6 ಲಕ್ಷ ಕಳೆದು ನಿವ್ವಳ 4 ಲಕ್ಷ. ವರ್ಷದ ಕೊನೆಗೆ 2,000 ಕಾಯಿಲ್‌ಗಳು ಹಳೆಯ ಬೆಲೆಯಲ್ಲಿ, ಅಂದರೆ 20 ಲಕ್ಷಕ್ಕೆ, ದಾಸ್ತಾನಿನಲ್ಲಿವೆ. ಈ ವರ್ಷ ತಾಮ್ರದ ಬೆಲೆ ಏರಿ ಖರೀದಿ ದರ 1,200 ರೂಪಾಯಿ ಆಯಿತು. ವರ್ತಕ ಅದೇ ಶೇಕಡಾ 10 ಸೇರಿಸಿ 1,320ಕ್ಕೆ ಮಾರಿದ. ಕಟ್ಟಡ ಕೆಲಸಗಳು ನಿಧಾನವಾದ್ದರಿಂದ ಮಾರಾಟವಾದದ್ದು 9,200 ಕಾಯಿಲ್ ಮಾತ್ರ. ಆದರೂ ವಹಿವಾಟು 1,21,44,000 ರೂಪಾಯಿ. ಹಿಂದಿನ ವರ್ಷಕ್ಕಿಂತ ಶೇಕಡಾ 10ಕ್ಕೂ ಹೆಚ್ಚು. ಮೊದಲು ಬಂದ ಮಾಲು ಮೊದಲು ಹೋಯಿತು ಎಂಬ ಪದ್ಧತಿಯಲ್ಲಿ, 2,000 ಹಳೆಯ ಕಾಯಿಲ್‌ಗಳು 20 ಲಕ್ಷ, 7,200 ಹೊಸವು 86.40 ಲಕ್ಷ, ಮಾರಿದ ಮಾಲಿನ ವೆಚ್ಚ ಒಟ್ಟು 1,06,40,000. ಸ್ಥೂಲ ಲಾಭ 15,04,000. ಖರ್ಚುಗಳೂ ಏರಿ 7.20 ಲಕ್ಷವಾದವು ಎಂದಿಟ್ಟುಕೊಂಡರೂ ನಿವ್ವಳ ಲಾಭ 7.84 ಲಕ್ಷ. ಹಿಂದಿನ ವರ್ಷದ ಹೆಚ್ಚುಕಡಿಮೆ ಇಮ್ಮಡಿ!

ವರ್ತಕನಿಗೆ ಸಂತೋಷ, ಬ್ಯಾಂಕಿನ ವ್ಯವಸ್ಥಾಪಕರಿಗೂ ಸಂತೋಷ. ಆದರೆ ಅದೇ 2,000 ಕಾಯಿಲ್‌ಗಳ ದಾಸ್ತಾನು ಕಾಯ್ದುಕೊಳ್ಳಲು ಈಗ 20 ಲಕ್ಷದ ಬದಲು 24 ಲಕ್ಷ ಬೇಕು. ಹೆಚ್ಚುವರಿ 4 ಲಕ್ಷ ಲಾಭದ ರೂಪದಲ್ಲಿ ಬಂದು, ಗೋದಾಮಿನಲ್ಲಿಯೇ ನಿಂತುಬಿಟ್ಟಿದೆ. ಮಾರಿದ ಎಲ್ಲ 9,200 ಕಾಯಿಲ್‌ಗಳಿಗೂ ಹೊಸ ದರ ಹಾಕಿ ನೋಡಿದರೆ ನಿವ್ವಳ ಉಳಿಯುವುದು 3.84 ಲಕ್ಷ. ಅದೂ ಕೊಳ್ಳುವ ಶಕ್ತಿ ಕುಂದಿದ ರೂಪಾಯಿಗಳಲ್ಲಿ. ತೆರಿಗೆ ಮಾತ್ರ 7.84 ಲಕ್ಷದ ಮೇಲೆ. ಶೇಕಡಾ 30ರ ದರ ಅನ್ವಯಿಸುವ ವರ್ತಕನಾದರೆ ಆ 4 ಲಕ್ಷದ ಮೇಲೆಯೇ 1.20 ಲಕ್ಷ. ಸಾಲದ ಮಾಲಿಗೆ ಬಾಕಿ ಉಳಿದ ಮೊತ್ತವೂ ಬೆಲೆಯೊಡನೆ ಏರಿರುತ್ತದೆ, ಓವರ್‌ಡ್ರಾಫ್ಟಿನ ಬಡ್ಡಿಯೂ ಹೆಚ್ಚುತ್ತದೆ. ಈ ವರ್ಷವನ್ನು ಬೆಳವಣಿಗೆಯ ವರ್ಷವೆಂದು ತಿಳಿದು ಮನೆಖರ್ಚು ಹೆಚ್ಚಿಸಿಕೊಂಡವನು ಬಂಡವಾಳವನ್ನೇ ತಿನ್ನುತ್ತಿರುತ್ತಾನೆ.

ಈ ಪುಸ್ತಕದಲ್ಲಿ ಉಬ್ಬರ ಕಾಣುತ್ತದೆ, ನಿಂತ ನೀರು ಕಾಣುವುದಿಲ್ಲ. ಶೇಕಡಾ 8ರಷ್ಟು ಕುಸಿದ ಮಾರಾಟವನ್ನು ಶೇಕಡಾ 20ರಷ್ಟು ಏರಿದ ಬೆಲೆ ಮುಚ್ಚಿಹಾಕಿದೆ. ಮೆಕ್‌ಲೌಡ್ ಅವರ ಶಬ್ದದ ಗುಣವೆಂದರೆ, ಒಂದು ಅರ್ಧವು ಇನ್ನೊಂದು ಅರ್ಧವನ್ನು ಮರೆಮಾಡಲು ಅದು ಬಿಡುವುದಿಲ್ಲ. ರೂಪಾಯಿಯ ಕಾಲಮ್ ಒಂದನ್ನೇ ನೋಡುವ ವರ್ತಕನ ಅಭ್ಯಾಸ ಅದಕ್ಕೆ ತದ್ವಿರುದ್ಧ.

ಇದಕ್ಕೆ ಪರಿಹಾರ ಲೆಕ್ಕಪದ್ಧತಿ ಬದಲಿಸುವುದರಲ್ಲಿದೆಯೇ? 1974ರಲ್ಲಿ ಅಮೆರಿಕದ ಅನೇಕ ಕಂಪನಿಗಳು ಕೊನೆಗೆ ಬಂದ ಮಾಲು ಮೊದಲು ಹೋಯಿತು ಎಂಬ ಪದ್ಧತಿಗೆ ಬದಲಾಯಿಸಿಕೊಂಡು ಕಾಗದದ ಲಾಭವನ್ನು ತಗ್ಗಿಸಿಕೊಂಡವು. ಭಾರತದಲ್ಲಿ ಆ ದಾರಿಯಿಲ್ಲ. 1999ರಲ್ಲಿ ಪರಿಷ್ಕೃತವಾದ ಲೆಕ್ಕಪತ್ರ ಮಾನಕ 2 ಅದನ್ನು ಕೈಬಿಟ್ಟಿತು. ಮೊದಲು ಬಂದದ್ದು ಮೊದಲು ಹೋಯಿತು ಎಂಬ ಪದ್ಧತಿ, ಇಲ್ಲವೆ ತೂಕದ ಸರಾಸರಿ, ಇವೆರಡೇ ಸಾಮಾನ್ಯ ಸರಕಿಗೆ ಉಳಿದವು. ಬ್ರಿಟನ್ನಿನ ದಾಸ್ತಾನು ವಿನಾಯಿತಿಯೂ 1984ರಲ್ಲಿ ರದ್ದಾಯಿತು. ಆದ್ದರಿಂದ ತೆರಿಗೆಯನ್ನು ತಪ್ಪಿಸಲಾಗದು, ಭ್ರಮೆಯನ್ನು ತಪ್ಪಿಸಬಹುದು. ಅದಕ್ಕೆ ಬೇಕಾದದ್ದು ಪ್ರಮಾಣದ ಲೆಕ್ಕ: ಎಷ್ಟು ಟನ್, ಎಷ್ಟು ಮೀಟರ್, ಎಷ್ಟು ಡಜನ್. 1961ರ ಆದಾಯ ತೆರಿಗೆ ಕಾಯಿದೆಯಡಿ ರೂಪುಗೊಂಡ 3ಸಿಡಿ ನಮೂನೆಯಲ್ಲಿ ಮುಖ್ಯ ಸರಕುಗಳ ಪ್ರಮಾಣದ ವಿವರಕ್ಕೆಂದೇ ಒಂದು ಕಲಮು ಇತ್ತು. ಅದರ ಎದುರು ಎಷ್ಟು ಕಡೆ ‘ವಸ್ತುಗಳು ಹಲವಾರು ಇರುವುದರಿಂದ ವಿವರ ಕೊಡಲು ಸಾಧ್ಯವಿಲ್ಲ’ ಎಂದು ಬರೆಯಲಾಗುತ್ತಿತ್ತು ಎಂಬುದು ವೃತ್ತಿಯಲ್ಲಿರುವವರಿಗೆ ಗೊತ್ತು. ಜಿಎಸ್‌ಟಿ ಬಂದ ಮೇಲೆ ಎಚ್‌ಎಸ್‌ಎನ್ ಸಾರಾಂಶದಲ್ಲಿ ಪ್ರಮಾಣವನ್ನು ತುಂಬುವ ಅವಕಾಶ ಇದ್ದೇ ಇದೆ. ಆದರೆ ಅದನ್ನು ಇಲಾಖೆಗಾಗಿ ತುಂಬುವವರು ಹೆಚ್ಚು, ತಮಗಾಗಿ ಓದುವವರು ಕಡಿಮೆ. ಅದೇ ಪಟ್ಟಿಯನ್ನು ಎರಡು ವರ್ಷಗಳಿಗೆ ಪಕ್ಕಪಕ್ಕದಲ್ಲಿ ಇಟ್ಟುನೋಡಲು ಗುಮಾಸ್ತನ ಅರ್ಧ ದಿನದ ಕೆಲಸ ಸಾಕು.

ಮಾರಾಟ ಮಂದವಾದ ಪ್ರತಿ ಋತುವನ್ನೂ ‘ಸ್ಟ್ಯಾಗ್‌ಫ್ಲೇಶನ್’ ಎನ್ನುವುದು ಸರಿಯಲ್ಲ. ಬೆಲೆ ಏರದೆ ಗಿರಾಕಿ ಕಡಿಮೆಯಾದರೆ ಅದು ಬರಿಯ ಮಂದಗತಿ, ಗಿರಾಕಿಯೂ ಬೆಲೆಯೂ ಒಟ್ಟಿಗೆ ಏರಿದರೆ ಅದು ಒಳ್ಳೆಯ ವರ್ಷ. ಮಹಾನಗರದ ವಿಶ್ಲೇಷಕರು ಒಂದು ತಿಂಗಳ ಅಂಕಿಅಂಶ ಕೆಟ್ಟ ಕೂಡಲೇ ಈ ಶಬ್ದವನ್ನು ಎಸೆಯುತ್ತಾರೆ. ಹಾಗೆ ಎಸೆದರೆ ಅದು 1965ರ ಕುಟುಕು ಮಾತಾಗಿಯೇ ಹಿಂದಿರುಗುತ್ತದೆ.

ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆಯೂ ಇದೆ. ‘ಜಡ’ ಮತ್ತು ‘ಉಬ್ಬರ’ ಸೇರಿಸಿದರೆ ಲೋಪಸಂಧಿಯಿಂದ ‘ಜಡುಬ್ಬರ’ ಎಂದಾಗುತ್ತದೆ. ಯಾವ ಶಬ್ದದ ತಲೆಯನ್ನೂ ಕಡಿಯಬೇಕಾಗಿಲ್ಲ. ಸಂಸ್ಕೃತದ ಜಡಕ್ಕೆ ಕನ್ನಡದ ಉಬ್ಬರ ಸೇರಿ ಅರಿಸಮಾಸವಾಯಿತೆಂದು ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜ ಆಕ್ಷೇಪಿಸುತ್ತಿದ್ದನೇನೋ. ಪೂರ್ವಕವಿಗಳ ಪ್ರಯೋಗವಿದ್ದರೆ ಒಪ್ಪಬಹುದೆಂದು ಅವನು ಹೇಳಿದ್ದುಂಟು. ಹಣದುಬ್ಬರದ ವಿಷಯದಲ್ಲಿ ಪೂರ್ವಕವಿಗಳನ್ನು ಎಲ್ಲಿಂದ ತರುವುದು?

ಮೂಲ ಶಬ್ದಕ್ಕೆ ಈಗ ಮಕ್ಕಳೂ ಆಗಿವೆ. ಅವುಗಳಲ್ಲಿ ವರ್ತಕರಿಗೆ ತೀರ ಹತ್ತಿರದ್ದು ‘ಶ್ರಿಂಕ್‌ಫ್ಲೇಶನ್’. ಪೊಟ್ಟಣದ ಬೆಲೆ ಹಾಗೆಯೇ ಇದ್ದು ಒಳಗಿನ ತೂಕ ಕುಗ್ಗುವುದಕ್ಕೆ ಈ ಹೆಸರು. ಮೂಲಾರ್ಥ ನೋಡಿದರೆ ‘ಕುಗ್ಗುವುದು’ ಮತ್ತು ‘ಊದುವುದು’ ಒಂದೇ ಶಬ್ದದಲ್ಲಿ ಕುಳಿತಿವೆ. ಗಾಳಿ ತುಂಬಿದ ಚಿಪ್ಸ್ ಪೊಟ್ಟಣವನ್ನು ಕೈಯಲ್ಲಿ ಹಿಡಿದವರಿಗೆ ಇದು ವಿರೋಧಾಭಾಸವೆನಿಸದು. ಬ್ರಿಟನ್ನಿನಲ್ಲಿ 2016ರಲ್ಲಿ ಟಾಬ್ಲರೋನ್ ಚಾಕಲೇಟಿನ ತ್ರಿಕೋನಗಳ ನಡುವಿನ ಅಂತರವನ್ನು ಹಿಗ್ಗಿಸಿ 400 ಗ್ರಾಂ ಪಟ್ಟಿಯನ್ನು 360 ಗ್ರಾಂ ಮಾಡಿದಾಗ ದೊಡ್ಡ ಗದ್ದಲವೆದ್ದಿತು. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ ದೊಡ್ಡ ಮಳಿಗೆಗಳು ಹೀಗೆ ಕುಗ್ಗಿದ ಸರಕಿನ ಬಳಿ ಸೂಚನಾ ಫಲಕ ಹಾಕಬೇಕಾಯಿತು. ಭಾರತದಲ್ಲಿ 5 ಮತ್ತು 10 ರೂಪಾಯಿಯ ಪೊಟ್ಟಣಗಳ ಚರಿತ್ರೆಯೇ ಇದು. ಆ ನಾಣ್ಯಗಳಿಗೆ ಒಗ್ಗಿಹೋದ ಪೇಟೆಯಲ್ಲಿ ಬೆಲೆಯನ್ನು 6 ರೂಪಾಯಿಗೆ ಏರಿಸಲಾಗದೆ ತಯಾರಕರು ತೂಕ ಇಳಿಸುತ್ತ ಬಂದರು. ಇದರಲ್ಲಿ ಎಲ್ಲವೂ ಮೋಸವಲ್ಲ. ಚಿಲ್ಲರೆಯ ಕೊರತೆಯೂ ಬಡ ಗಿರಾಕಿಯ ಮಿತಿಯೂ ಅದರ ಹಿಂದೆ ಇವೆ. ಆದರೂ ಚಿಕ್ಕ ಅಕ್ಷರಗಳಲ್ಲಿ ತೂಕ ಮುದ್ರಿಸಿ, ಪೊಟ್ಟಣದ ಗಾತ್ರವನ್ನು ಹಾಗೆಯೇ ಉಳಿಸಿಕೊಳ್ಳುವುದನ್ನು ಯಾವ ಅನಿವಾರ್ಯತೆಯೂ ಸಮರ್ಥಿಸಲಾರದು. ಪೊಟ್ಟಣದ ಸರಕುಗಳ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ತಂದು, ಗ್ರಾಮಿಗೆ ಇಲ್ಲವೆ ಕಿಲೋಗ್ರಾಮಿಗೆ ಎಷ್ಟು ಬೆಲೆ ಎಂಬುದನ್ನು ಮುದ್ರಿಸಬೇಕೆಂದು ವಿಧಿಸಿದ್ದು ಸರಿಯಾದ ಹೆಜ್ಜೆ.

ಅಪರೂಪಕ್ಕೆ ಇದರ ವಿರುದ್ಧವೂ ನಡೆದದ್ದುಂಟು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು ಮೊದಲಾದವುಗಳ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಾಗ, 5 ರೂಪಾಯಿಯ ಪೊಟ್ಟಣವನ್ನು ನಾಲ್ಕೂವರೆಗೆ ಮಾರುವ ಬದಲು ಅದೇ ಬೆಲೆಗೆ ತೂಕ ಹೆಚ್ಚಿಸಲು ಕಂಪನಿಗಳು ಮುಂದಾದವು. ಇದರಿಂದ ಸಗಟು ವರ್ತಕನ ಗೋದಾಮಿನಲ್ಲಿ ಹೊಸದೊಂದು ತೊಡಕು ಹುಟ್ಟುತ್ತದೆ. ಒಂದೇ ಹೆಸರು, ಒಂದೇ ಗರಿಷ್ಠ ಬೆಲೆ, ಎರಡು ತೂಕ. ಕಂಪ್ಯೂಟರಿನಲ್ಲಿ ಮಾತ್ರ ಎರಡಕ್ಕೂ ಒಂದೇ ಸಂಕೇತ. ಅಂಥ ಕಡೆ ಪ್ರಮಾಣದ ಕಾಲಮಿನಲ್ಲಿ ಪೊಟ್ಟಣಗಳ ಸಂಖ್ಯೆಯನ್ನು ಬರೆದರೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಕೆ ಸಿಗುವುದಿಲ್ಲ, ಕಿಲೋಗ್ರಾಂ ಬರೆಯಬೇಕಾಗುತ್ತದೆ.